‘ಎಲ್ಲಾ ಮಾಡ್ಕೋತೀನಿ’ ಎನ್ನುವವರ ಜೊತೆ ಹೋಗುವಾಗ

ಹಂದಿಗೋಡಿನ ಕಡೆಯ ಒಂದು ಮನೆಯ ಜಗಲಿಯಲ್ಲಿ ನೋಡಿದ ನೋಟ್‌ಬುಕ್ಕಿನ ಗುಂಗು ನನ್ನನ್ನಿನ್ನೂ ಬಿಟ್ಟಿಲ್ಲ. ಗೆರೆ ಹಾಕಿದ ಶಾಲೆಯ ಪುಸ್ತಕ. ಸಾಗರದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅದರಲ್ಲಿ ತನ್ನ ಚಿಕ್ಕಮ್ಮನ ದಿನಚರಿ ಬರೆದಿಟ್ಟಿದ್ದಳು. ‘ಬೆಳಿಗ್ಗೆ ಏಳುವಾಗ ಕಿಟಕಿ ಸರಳು ಹಿಡಿಯಬೇಕು. ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಮಣೆ ಮೇಲೆ ಕೂತರೆ ಎಬ್ಬಿಸಲು ಒಬ್ಬರು ಬೇಕು. ಮಳೆಗಾಲದಲ್ಲಿ ಅಂಗಳ ಹಾವಸೆ ಕಟ್ಟುತ್ತದೆ, ಹೊರಗೆ ಇಳಿಯುವುದೇ ಇಲ್ಲ.’ ಹೀಗೆ ಪುಟಗಟ್ಟಲೆ.

ಅಂಗವೈಕಲ್ಯ ಪ್ರಮಾಣಪತ್ರದ ತಪಾಸಣೆಗೆ ಚಿಕ್ಕಮ್ಮನನ್ನು ಮತ್ತೆ ಕರೆದೊಯ್ಯಲು ಅವಳು ನಡೆಸಿದ್ದ ತಯಾರಿ ಅದು. ಹಿಂದೊಮ್ಮೆ ಚಿಕ್ಕಮ್ಮ ಒಬ್ಬರೇ ಹೋಗಿದ್ದರು. ‘ಓಡಾಡ್ತೀರಾ?’ ಎಂದು ವೈದ್ಯರು ಕೇಳಿದಾಗ ‘ಹೂಂ, ಓಡಾಡ್ತೀನಿ’ ಎಂದರು. ‘ಮನೆ ಕೆಲಸ?’ ‘ಎಲ್ಲಾ ನಾನೇ ಮಾಡ್ಕೋತೀನಿ ಸಾರ್.’ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಸೊಂಟ ನೋಡಲಿಲ್ಲ. ಶೇಕಡಾ 32 ಎಂದು ಬರೆದುಕೊಟ್ಟರು. ಪಿಂಚಣಿಗೆ ಕನಿಷ್ಠ 40 ಬೇಕು.

ಚಿಕ್ಕಮ್ಮನನ್ನು ಕಾಡುತ್ತಿರುವ ಹಂದಿಗೋಡು ಕಾಯಿಲೆಯ ಕತೆ ಈ ಭಾಗದವರಿಗೆ ಹೊಸದಲ್ಲ. 1970ರ ದಶಕದ ಮಧ್ಯದಲ್ಲಿ ಈ ಊರಿನಲ್ಲಿ ಗಮನಕ್ಕೆ ಬಂದ ಕೀಲುಬೇನೆ ಇದು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ ಕೂಲಿ ಕುಟುಂಬಗಳಲ್ಲೇ ಹೆಚ್ಚಾಗಿ ಕಾಣಿಸಿತು. ಕೆಲವರಿಗೆ ಸೊಂಟದ ಕೀಲು ಸವೆಯುತ್ತದೆ, ಕೆಲವರು ಬೆಳೆಯದೆ ಕುಳ್ಳಗೇ ಉಳಿಯುತ್ತಾರೆ, ಎರಡೂ ಇರುವವರೂ ಇದ್ದಾರೆ. ಮೊದಲು ಸಂಶಯ ಬಿದ್ದದ್ದು ಕೀಟನಾಶಕ ಹೊಡೆದ ಗದ್ದೆಯ ಏಡಿ, ಮೀನುಗಳ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಮುಂದೆ ಇದು ವಂಶವಾಹಿಯಲ್ಲಿ ಬರುವ ಬೇನೆ ಎಂಬ ಅಭಿಪ್ರಾಯ ಗಟ್ಟಿಯಾಯಿತು. ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ದಕ್ಷಿಣ ಆಫ್ರಿಕಾದ ಮಸೆಲೇನಿ ಎಂಬಲ್ಲೂ ಇಂಥದೇ ಸೊಂಟದ ಬೇನೆಯನ್ನು 1970ರಲ್ಲಿ ವೈದ್ಯರು ದಾಖಲಿಸಿದ್ದರು. ರಕ್ತ, ಎಕ್ಸ್‌ರೇ ಇಲ್ಲಿಂದ ತೆಗೆದುಕೊಂಡು ಹೋದವರ ಪ್ರಬಂಧಗಳು ಅಚ್ಚಾದವು. ಸಂತೋಷವೇ. ಆದರೆ ಆ ಮನೆಯಲ್ಲಿ ಈಗ ಬೇಕಾಗಿರುವುದು ಒಂದು ಸರಿಯಾದ ಅಂಕಿ.

ಆ ಅಂಕಿ ಹುಟ್ಟುವ ಬಗೆ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕೇಂದ್ರ ಸರ್ಕಾರದ ಮೌಲ್ಯಮಾಪನ ಮಾರ್ಗಸೂಚಿಯಲ್ಲಿ ಕಾಲಿನ ಊನವನ್ನು ಎರಡು ಭಾಗವಾಗಿ ನೋಡುತ್ತಾರೆ: ಕೀಲಿನ ಚಲನೆ ಮತ್ತು ಬಲ ಒಂದು, ಸ್ಥಿರತೆ ಇನ್ನೊಂದು. ಸ್ಥಿರತೆಗೆ ಒಂಬತ್ತು ಪರೀಕ್ಷೆ, ಒಂದೊಂದಕ್ಕೆ 10 ಅಂಕ. ಸಮತಟ್ಟು ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಊನವಿರುವ ಕಾಲ ಮೇಲೆ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಓದಿ ನಾನು ಕುಣಿದಾಡುವಷ್ಟು ಖುಷಿಪಟ್ಟೆ. ಕುಕ್ಕರುಗಾಲಿಗೂ ಚಕ್ಕಳಮಕ್ಕಳಕ್ಕೂ ನಮ್ಮ ಸರ್ಕಾರಿ ಕಾಗದ ಬೆಲೆ ಕಟ್ಟಿದೆ! ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರಬೇಕಾದ, ಸಸಿ ನೆಡಲು ದಿನವಿಡೀ ಬಗ್ಗಬೇಕಾದ ನಾಡಿನಲ್ಲಿ ಸೊಂಟದ ಕೀಲು ಹೋದರೆ ಕೂಲಿಯೇ ಹೋದಂತೆ. ಕುರ್ಚಿಯಲ್ಲಿ ಕೂರಿಸಿ ಮಾತನಾಡಿಸಿದರೆ ಇದೊಂದೂ ಕಾಣುವುದಿಲ್ಲ.

ಎತ್ತರದ ಲೆಕ್ಕ ಬೇರೆ. 4 ಅಡಿ 10 ಇಂಚಿಗಿಂತ ಕಡಿಮೆಯಾದ ಪ್ರತಿ ಇಂಚಿಗೆ ಶೇಕಡಾ 4. ಚಿಕ್ಕಮ್ಮನ ಎತ್ತರ 4 ಅಡಿ 2 ಇಂಚು. ಎಂಟು ಇಂಚು ಕಡಿಮೆ, ಎಂಟು ನಾಲ್ಕಲ 32. ಹಳೆಯ ಪ್ರಮಾಣಪತ್ರದ ಅಂಕಿ ಬಂದದ್ದು ಇಲ್ಲಿಂದ. ಆದರೆ ಕುಳ್ಳತನದ ಜೊತೆಗೆ ಮೂಳೆ, ಕೀಲಿನ ಊನವಿದ್ದರೆ ಅದನ್ನು ಪ್ರತ್ಯೇಕ ಅಳೆದು ಸೂತ್ರದಂತೆ ಸೇರಿಸಬೇಕು. ಸೊಂಟಕ್ಕೆ 40 ಬಂತು ಎಂದುಕೊಳ್ಳಿ. ನೇರವಾಗಿ ಕೂಡದೆ ಸೂತ್ರದಂತೆ ಸೇರಿಸಿದರೂ ಎರಡೂ ಸೇರಿ 57 ದಾಟುತ್ತದೆ. ಅದೇ ಹೆಂಗಸು, ಅದೇ ಮೈ. ಸೊಂಟ ನೋಡದಿದ್ದರೆ ಏನೂ ಇಲ್ಲ, ನೋಡಿದರೆ ತಿಂಗಳ ಪಿಂಚಣಿ. 1995ರ ಕಾಯ್ದೆಯಲ್ಲಿ ಕುಳ್ಳತನಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಕಾಯ್ದೆ ಕೊಟ್ಟದ್ದನ್ನು ತಪಾಸಣೆಯ ಕೋಣೆ ಕಿತ್ತುಕೊಳ್ಳಬಾರದು.

ಸಂಬಂಧಿಕರು ಜೊತೆಗಿರಬೇಕಾದದ್ದು ಇದಕ್ಕೇ. ಆದರೆ ಹೇಗೆ ಇರಬೇಕು? ಹುಡುಗಿ ನೋಟ್‌ಬುಕ್ ಓದುತ್ತಿದ್ದಾಗ ಚಿಕ್ಕಮ್ಮ ಸೆರಗು ಬಾಯಿಗೆ ಹಿಡಿದು, ‘ಬಚ್ಚಲ ವಿಷಯ ಎಲ್ಲರೆದುರು ಹೇಳ್ಬೇಡ ಕಣೇ’ ಎಂದರು. ಹುಡುಗಿ ವಾದಕ್ಕಿಳಿಯಲಿಲ್ಲ. ಆ ಸಾಲುಗಳನ್ನು ಬೇರೆ ಚೀಟಿಗೆ ಬರೆದು, ‘ಇದನ್ನ ಡಾಕ್ಟ್ರ ಕೈಗೆ ಮಾತ್ರ ಕೊಡ್ತೀನಿ, ಆಯ್ತಾ ಚಿಕ್ಕಮ್ಮ?’ ಎಂದಳು. ಅವರು ತಲೆಯಾಡಿಸಿದರು. ಅವಳ ಕ್ರಮವೂ ನನಗೆ ಹಿಡಿಸಿತು: ಮೊದಲು ಚಿಕ್ಕಮ್ಮನೇ ಉತ್ತರಿಸುವುದು, ಬಿಟ್ಟುಹೋದದ್ದನ್ನು ಮಾತ್ರ ಇವಳು ಹೇಳುವುದು. ಇಡೀ ಜನ್ಮ ದುಡಿದೇ ಬದುಕಿದವರಿಗೆ ಅಪರಿಚಿತರೆದುರು ‘ಆಗಲ್ಲ’ ಎನ್ನುವುದು ಅವಮಾನ. ಆ ಅಭಿಮಾನವನ್ನು ಉಳಿಸಿಯೇ ನಿಜ ಹೇಳಬಹುದು ಎಂದು ಅವಳು ತೋರಿಸಿದಳು. ಹೆಚ್ಚು ಮಾಡಿ ಹೇಳುವ ಅಗತ್ಯವೇ ಇಲ್ಲ.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವ ವಯಸ್ಕರ ಪರವಾಗಿ ಕಾನೂನುಬದ್ಧವಾಗಿ ನಿಲ್ಲಬೇಕಾದರೆ ದಾರಿ ಬೇರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯಿಂದ ಪಾಲಕತ್ವ ಪಡೆಯಬೇಕು. ಸೊಂಟ ಹೋದವರಿಗೆ ಅದೆಲ್ಲ ಬೇಡ. ನಂಬಿಕೆಯ ಒಬ್ಬರು ಪಕ್ಕದಲ್ಲಿದ್ದರೆ ಸಾಕು.

ರಾಜ್ಯದ ಪಿಂಚಣಿ ಶೇಕಡಾ 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, 75 ಮತ್ತು ಮೇಲಿದ್ದರೆ 1,400. ಒಂದೇ ಅಂಕದ ಅಂತರಕ್ಕೆ 600 ರೂಪಾಯಿ ವ್ಯತ್ಯಾಸ ಮಾಡುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದು ಬದಲಾಗುವವರೆಗೆ ಒಂದೊಂದು ಅಂಕವೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಮನೆಯಲ್ಲೂ ‘ಎಲ್ಲಾ ಮಾಡ್ಕೋತೀನಿ’ ಎನ್ನುವವರಿದ್ದರೆ ಅವರನ್ನು ಒಬ್ಬರೇ ಕಳಿಸಬೇಡಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಗೆ ಮೊದಲು ಅವರನ್ನು ಕಾಣಿ. ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಚೀಟಿ ಒಂದನ್ನೂ ಎಸೆಯಬೇಡಿ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ನಿಯಮವಿದೆ, ಕೇಳಿ ಪಡೆಯಿರಿ. ಅದಕ್ಕೂ ಒಪ್ಪಿಗೆಯಾಗದಿದ್ದರೆ 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು.