ಮೋಟರ್‌ವೇ ಬೋರ್ಡು 40 ಎಂದರೆ ನಂಬಬೇಕೇ?

ಮಕ್ಕಳ ಮನೆಗೋ ಕಂಪನಿ ಕೆಲಸಕ್ಕೋ ಇಂಗ್ಲೆಂಡಿಗೆ ಹೋಗುವ ನಮ್ಮವರಲ್ಲಿ ಅಲ್ಲಿ ಕಾರು ಓಡಿಸುವವರೂ ಇದ್ದಾರೆ. ನಮ್ಮ ಡ್ರೈವಿಂಗ್ ಲೈಸೆನ್ಸು ಅಲ್ಲಿ 12 ತಿಂಗಳು ನಡೆಯುತ್ತದೆ. ಅಲ್ಲಿಯೂ ಎಡಬದಿಯ ಸಂಚಾರವೇ, ಹಾಗಾಗಿ ಕೈ ಬೇಗ ಕೂರುತ್ತದೆ. ಗಲಿಬಿಲಿ ಶುರುವಾಗುವುದು ಮೋಟರ್‌ವೇಗೆ, ಅಂದರೆ ಅಲ್ಲಿನ ವೇಗದ ಹೆದ್ದಾರಿಗೆ, ಇಳಿದ ಮೇಲೆ. ರಸ್ತೆಗೆ ಅಡ್ಡವಾಗಿ ನಿಂತ ಕಬ್ಬಿಣದ ಚೌಕಟ್ಟಿನಲ್ಲಿ, ಪ್ರತಿ ಲೇನಿನ ಮೇಲೂ ಒಂದೊಂದು ಎಲೆಕ್ಟ್ರಾನಿಕ್ ಬೋರ್ಡು. ಈಗ ಖಾಲಿ, ಇನ್ನೊಂದು ಗಳಿಗೆಗೆ 60, ಆಮೇಲೆ 40.

ಮೊದಲು ಒಂದು ಮಾತು. ಆ ಅಂಕಿ ಕಿಲೋಮೀಟರಿನದಲ್ಲ, ಮೈಲಿಯದು. 40 ಎಂದರೆ ಗಂಟೆಗೆ ಸುಮಾರು 64 ಕಿ.ಮೀ. ಏನೂ ಸೂಚನೆ ಇಲ್ಲದಿದ್ದರೆ ಕಾರಿನ ಗರಿಷ್ಠ ಮಿತಿ 70 ಮೈಲಿ, ಸುಮಾರು 112 ಕಿ.ಮೀ.

ಎಲ್ಲ ಸೂಚನೆಗಳ ತೂಕವೂ ಒಂದೇ ಅಲ್ಲ. ಅಂಕಿಯ ಸುತ್ತ ಕೆಂಪು ವೃತ್ತ ಇದ್ದರೆ ಅದು ಕಾನೂನಿನ ಮಿತಿ, ಮೀರಿದರೆ ದಂಡ. ವೃತ್ತವಿಲ್ಲದೆ ಮೂಲೆಗಳಲ್ಲಿ ಹಳದಿ ದೀಪ ಮಿಣುಕುತ್ತಿದ್ದರೆ ಅದು ಸಲಹೆ: ಮುಂದೆ ಏನೋ ತೊಂದರೆ ಇದೆ, ನಿಧಾನಿಸಿ. ಲೇನಿನ ಮೇಲೆ ಕೆಂಪು ಇಂಟು ಗುರುತು ಕಂಡರೆ ಆ ಲೇನು ಮುಚ್ಚಿದೆ ಎಂದರ್ಥ. ಇದರಲ್ಲಿ ಚೌಕಾಸಿ ಇಲ್ಲ. ಮುಂದೆ ಕೆಟ್ಟು ನಿಂತ ಕಾರಿರಬಹುದು, ರಸ್ತೆಯ ಮೇಲೆ ಕೆಲಸಗಾರರಿರಬಹುದು.

ಇಷ್ಟನ್ನೆಲ್ಲ ಅಲ್ಲಿ ಕುಳಿತು ಯಾರು ನೋಡುತ್ತಾರೆ ಎನ್ನುತ್ತೀರಾ? ಬಹಳಷ್ಟು ಸಲ ಯಾರೂ ನೋಡುವುದಿಲ್ಲ. ದಟ್ಟಣೆಯ ಮೋಟರ್‌ವೇಗಳಲ್ಲಿ ಮೈಡಾಸ್ ಎಂಬ ಸ್ವಯಂಚಾಲಿತ ವ್ಯವಸ್ಥೆ ಇದೆ. ಡಾಂಬರಿನೊಳಗೆ ಸಾಮಾನ್ಯವಾಗಿ 500 ಮೀಟರಿಗೊಮ್ಮೆ ತಂತಿಯ ಸುರುಳಿ ಹುದುಗಿಸಿರುತ್ತಾರೆ. ಅದಕ್ಕೆ ಲೂಪ್ ಎನ್ನುತ್ತಾರೆ. ಅದರ ಮೇಲೆ ವಾಹನದ ಲೋಹ ಹಾದುಹೋದಾಗ ಸುರುಳಿಯ ವಿದ್ಯುತ್ ಗುಣ ಸ್ವಲ್ಪ ಬದಲಾಗುತ್ತದೆ. ಅದರಿಂದ ಎಷ್ಟು ವಾಹನ, ಎಷ್ಟು ವೇಗ ಎಂದು ಗೊತ್ತಾಗುತ್ತದೆ. ಹೊಸ ಜಾಗಗಳಲ್ಲಿ ಇದೇ ಕೆಲಸವನ್ನು ರೇಡಾರ್ ಮಾಡುತ್ತದೆ. ವಾಹನಗಳು ತೆವಳತೊಡಗಿದರೆ ಕಂಪ್ಯೂಟರು ಹಿಂದಿನ ಬೋರ್ಡುಗಳಲ್ಲಿ ತಾನೇ ಅಂಕಿ ಇಳಿಸುತ್ತದೆ. ದೂರದವರಿಗೆ 60, ಹತ್ತಿರದವರಿಗೆ 40. ಲಂಡನ್ನನ್ನು ಸುತ್ತುವ ಎಂ25 ರಸ್ತೆಯಲ್ಲಿ ಹೀಗೆ ಬದಲಾಗುವ ವೇಗಮಿತಿ 1995ರಲ್ಲೇ ಬಂತು.

ಮಂಜು, ಅಪಘಾತ, ರಸ್ತೆಗೆ ಬಿದ್ದ ಸರಕು, ದಾರಿತಪ್ಪಿ ಬಂದ ಪ್ರಾಣಿ ಇಂಥ ಸಂದೇಶಗಳ ಹಿಂದೆ ಮಾತ್ರ ಸಾಮಾನ್ಯವಾಗಿ ನಿಯಂತ್ರಣ ಕೇಂದ್ರದ ಸಿಬ್ಬಂದಿ ಇರುತ್ತಾರೆ. ಜನ ಹೆಚ್ಚು ಗೊಣಗುವುದೂ ಇವುಗಳ ಬಗ್ಗೆಯೇ. ‘ಪ್ರಾಣಿ ಅಂತ ಬರೆದಿತ್ತು, ಒಂದು ನಾಯಿಯೂ ಕಾಣಲಿಲ್ಲ’ ಎಂಬ ದೂರು ನ್ಯಾಯವಾದದ್ದೇ. ಯಾರೋ ಫೋನ್ ಮಾಡಿ ತಿಳಿಸುತ್ತಾರೆ, ಬೋರ್ಡು ಹೊತ್ತಿಕೊಳ್ಳುತ್ತದೆ. ರಸ್ತೆ ತೆರವಾಗಿದೆ ಎಂದು ಖಾತ್ರಿಯಾಗುವ ತನಕ ಅದನ್ನು ಆರಿಸುವಂತಿಲ್ಲ. ಅಷ್ಟರಲ್ಲಿ ಪ್ರಾಣಿ ಬೇಲಿ ದಾಟಿ ಹೋಗಿರುತ್ತದೆ. ಹೀಗೆ ತಡವಾಗಿ ಆರುವ ಬೋರ್ಡುಗಳಿಂದ ನಷ್ಟವೂ ಇದೆ. ನಾಲ್ಕು ಸಲ ಏನೂ ಕಾಣದವನು ಐದನೆಯ ಸಲ ಬ್ರೇಕಿನ ಮೇಲೆ ಕಾಲಿಡುವುದಿಲ್ಲ.

ಆದರೆ 40 ಎಂದು ತೋರಿಸಿ ಮುಂದೆ ರಸ್ತೆ ಸರಾಗವಾಗಿದ್ದರೆ ಬೋರ್ಡು ಸುಳ್ಳು ಹೇಳಿತೆಂದು ತೀರ್ಮಾನಿಸಬೇಡಿ. ಹಿಂದಿನವರು ಮೊದಲೇ ನಿಧಾನಿಸಿದ್ದರಿಂದ ನೀವು ತಲುಪುವಷ್ಟರಲ್ಲಿ ಮುಂದಿನ ಸಾಲು ಕರಗಿರಬಹುದು. ಬೋರ್ಡು ಚೆನ್ನಾಗಿ ಕೆಲಸ ಮಾಡಿದ ದಿನ ನಿಮಗೆ ಕಾಣಿಸುವುದು ಖಾಲಿ ರಸ್ತೆಯೇ. ಇನ್ನೊಂದು ಲೆಕ್ಕವೂ ಇದೆ. ಬ್ರಿಟನ್ನಿನ ಹೈವೇ ಕೋಡ್ ಪ್ರಕಾರ 70 ಮೈಲಿ ವೇಗದ ಕಾರು ಪೂರ್ತಿ ನಿಲ್ಲಲು 96 ಮೀಟರು ಬೇಕು. 40ರಲ್ಲಿ 36 ಮೀಟರು ಸಾಕು. ತಿರುವಿನಾಚೆ ವಾಹನಗಳ ಸಾಲು ನಿಂತಿದ್ದರೆ ಈ 60 ಮೀಟರಿನಲ್ಲಿ ಜೀವವೇ ಇದೆ. ನನ್ನ ಅಭಿಪ್ರಾಯ ಇಷ್ಟು: ವೇಗದ ಅಂಕಿಯನ್ನು ಪೂರಾ ನಂಬಿ, ಅಕ್ಷರದ ಸಂದೇಶವನ್ನು ನಂಬಿ ಕಣ್ಣೂ ತೆರೆದಿಡಿ, ಕೆಂಪು ಇಂಟುವನ್ನು ಪ್ರಶ್ನಿಸಲೇಬೇಡಿ.

ಖರ್ಚಿನ ವಿಷಯ. ಚೌಕಟ್ಟಿನ ಮೇಲೆ ಕ್ಯಾಮೆರಾಗಳಿರುತ್ತವೆ. ಕೆಂಪು ವೃತ್ತದ ಮಿತಿ ಮೀರಿದರೆ ಸಾಮಾನ್ಯವಾಗಿ 100 ಪೌಂಡ್ ದಂಡ, ಜೊತೆಗೆ 3 ಪೆನಾಲ್ಟಿ ಪಾಯಿಂಟ್. ಅಂದರೆ ಲೈಸೆನ್ಸಿನ ದಾಖಲೆಯಲ್ಲಿ ತಪ್ಪಿನ ಅಂಕ. ರೂಪಾಯಿಯಲ್ಲಿ ದಂಡವೇ ಹತ್ತು ಸಾವಿರ ದಾಟುತ್ತದೆ. ಕೆಂಪು ಇಂಟು ಇದ್ದ ಲೇನಿನಲ್ಲಿ ಹೋದವರಿಗೂ ಇಂಥದೇ ಶಿಕ್ಷೆ. 2019ರ ಜೂನ್‌ನಿಂದ ಇದಕ್ಕೂ ಕ್ಯಾಮೆರಾ ಸಾಕ್ಷಿ ಸಾಕು. ಬಾಡಿಗೆ ಕಾರಾದರೆ ನೋಟಿಸು ಕಂಪನಿಗೆ ಹೋಗುತ್ತದೆ, ಅವರು ನಿಮ್ಮ ಹೆಸರು ಕೊಡುತ್ತಾರೆ.

ಹೊರಡುವ ಮುಂಚೆ ರಸ್ತೆಯ ಸ್ಥಿತಿ ತಿಳಿಯಲು ಇಂಗ್ಲೆಂಡಿನಲ್ಲಿ ನ್ಯಾಷನಲ್ ಹೈವೇಸ್ ಸಂಸ್ಥೆಯ ಜಾಲತಾಣ ನೋಡಿ, ಇಲ್ಲವೇ 0300 123 5000ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ. ಸ್ಕಾಟ್ಲೆಂಡ್, ವೇಲ್ಸ್‌ಗಳ ವ್ಯವಸ್ಥೆ ಬೇರೆ. ಮೊಬೈಲಿನ ಮ್ಯಾಪು ಒಂದು ವೇಗ ಹೇಳಿ, ತಲೆ ಮೇಲಿನ ಬೋರ್ಡಿನ ಕೆಂಪು ವೃತ್ತ ಇನ್ನೊಂದು ಹೇಳಿದರೆ ಬೋರ್ಡಿನ ಮಾತೇ ನಡೆಯುವುದು.