ಬೆಟ್ಟ ಇಳಿಯುವ ವಿದ್ಯೆ

ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದ ಕುಮಾರಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದಿಂದ ಒಂದೇ ಹಗಲಿನಲ್ಲಿ ಹತ್ತಿ ಇಳಿಯಬಯಸುವ ಹೊಸಬರು, ಏರುವುದೊಂದೇ ಕಷ್ಟವೆಂದು ಭಾವಿಸುವುದುಂಟು. ಏರುವಾಗ ಏದುಸಿರು ಬರುವುದು ನಿಜ. ಆದರೆ ತೊಡೆಗೆ ಹೆಚ್ಚಿನ ಪೆಟ್ಟು ಬೀಳುವುದು ಇಳಿಯುವಾಗ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಸಂಕುಚಿಸುತ್ತ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದು ಉದ್ದವಾಗುತ್ತಲೇ ಭಾರವನ್ನು ತಡೆಹಿಡಿಯಬೇಕು. ಇದಕ್ಕೆ ಒಗ್ಗದ ಸ್ನಾಯುತಂತುಗಳಲ್ಲಿ ಕಣ್ಣಿಗೆ ಕಾಣದ ಗಾಯಗಳಾಗುತ್ತವೆ. ಬಲ ಕುಂದಿ, ಮೊಣಕಾಲು ನಡುಗಿ, ಹೆಜ್ಜೆ ತಪ್ಪುವ ಅಪಾಯ ಆಗಲೇ ಹೆಚ್ಚು. ನೋವಾದರೋ ಮರುದಿನ ತಲೆದೋರಿ 2–3 ದಿನ ಕಾಡುತ್ತದೆ. ಒಮ್ಮೆ ಮಿತವಾಗಿ ಶ್ರಮಿಸಿ ಚೇತರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅಂತಹುದೇ ಶ್ರಮವನ್ನು ಹೆಚ್ಚು ಚೆನ್ನಾಗಿ ತಾಳಬಲ್ಲದು. ಆದುದರಿಂದ ಹೊರಡುವ 2 ತಿಂಗಳ ಮೊದಲಿನಿಂದಲೇ ವಾರಕ್ಕೊಮ್ಮೆ ಹತ್ತಿರದ ಗುಡ್ಡವನ್ನು, ಇಲ್ಲವಾದರೆ ಮಹಡಿಯ ಮೆಟ್ಟಿಲುಗಳನ್ನು, ಹತ್ತಿ ನಿಧಾನವಾಗಿ ಇಳಿಯಿರಿ; ಕೊನೆಯ ವಾರ ಕಾಲಿಗೆ ವಿರಾಮ ಕೊಡಿರಿ.