ಮೂವತ್ತೊಂಬತ್ತು ರೂಪಾಯಿಯ ಟಿಕ್ ಮಾರ್ಕ್

ಅಪ್ಪ ಕೆಇಬಿಯಿಂದ ರಿಟೈರ್ ಆಗಿ ಆರು ವರ್ಷವಾಯ್ತು. ಈಗಲೂ ರಾತ್ರಿ ಊಟ ಆದಮೇಲೆ ಲೆಕ್ಕದ ಪುಸ್ತಕ ತೆಗೆದು ಕೂರುತ್ತಾರೆ. ಕೊತ್ತಂಬರಿ ಸೊಪ್ಪಿಗೆ ಕೊಟ್ಟ ಹತ್ತು ರೂಪಾಯಿಗೂ ಅದರಲ್ಲಿ ಒಂದು ಸಾಲು ಇರುತ್ತೆ. ಕಳೆದ ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗಿದ್ದಾಗ ನನ್ನನ್ನು ಕರೆದರು.

"ಬಾರೋ ಇಲ್ಲಿ. ಬಸ್ ಟಿಕೆಟ್ 620 ಅಂತ ತೋರಿಸ್ತು. ಬ್ಯಾಂಕಿಂದ ಹೋಗಿರೋದು 659. ಮೂವತ್ತೊಂಬತ್ತು ರೂಪಾಯಿ ಎಲ್ಲಿ ಹೋಯ್ತು?"

ಈ ಸಲ ಬುಕ್ ಮಾಡುವಾಗ ದರವನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡಿದ್ದರಂತೆ, ಅದಕ್ಕೇ ಸಿಕ್ಕಿಬಿತ್ತು. ಅವರ ಫೋನಿನಲ್ಲಿ ಬಿಲ್ ತೆಗೆದು ನೋಡಿದೆ. ಪ್ರಯಾಣ ವಿಮೆ 29, ಯಾವುದೋ ಒಳ್ಳೆ ಕೆಲಸಕ್ಕೆ ದೇಣಿಗೆ 10. ಕಣ್ಣಿನ ಚೆಕಪ್‌ಗೆಂದು ಅಪ್ಪ ಆಗಾಗ ಬೆಂಗಳೂರಿಗೆ ಬರುತ್ತಾರೆ. ಹಳೆಯ ಟಿಕೆಟ್‌ಗಳನ್ನೂ ತೆಗೆದು ನೋಡಿದರೆ ಅದೇ ಆ್ಯಪ್‌ನಲ್ಲಿ ಎಂಟು ಸಲವೂ ಇದೇ ಕಥೆ. ಒಟ್ಟು 312 ರೂಪಾಯಿ.

"ನಾನು ವಿಮೆ ಬೇಕು ಅಂತ ಕೇಳೇ ಇಲ್ವಲ್ಲೋ."

"ಕೇಳ್ಬೇಕಾಗಿಲ್ಲ ಅಪ್ಪ. ಟಿಕ್ ಮೊದಲೇ ಹಾಕಿರ್ತಾರೆ. ಬೇಡ ಅಂದ್ರೆ ನೀವೇ ತೆಗೀಬೇಕು."

"ಯಾರು ಹಾಕ್ತಾರೆ ಅದನ್ನ?"

"ಕಂಪ್ನಿಯೋರು," ಅಂದೆ. ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕಂಪ್ನಿಯೋರು ಅಂದರೆ ಕೊನೆಗೆ ಕೀಬೋರ್ಡ್ ಮುಂದೆ ಕೂತಿರುವ ನನ್ನಂಥ ಯಾರೋ ಒಬ್ಬ. ಐದು ವರ್ಷದ ಹಿಂದೆ, ಬೇರೊಂದು ಕಂಪನಿಯಲ್ಲಿ, ಇಂಥದ್ದೇ ಒಂದು ಟಿಕ್ ಹಾಕಿದವನು ನಾನೇ.

ಗ್ರಾಹಕ ಒಂದು ವಸ್ತು ತಗೊಳ್ಳಲು ಬಂದಾಗ ಅದಕ್ಕಿಂತ ದುಬಾರಿಯದನ್ನು ತೋರಿಸಿ ಮಾರುವುದಕ್ಕೆ ಅಪ್‌ಸೆಲ್ ಅನ್ನುತ್ತಾರೆ. ಜೊತೆಗೆ ಇನ್ನೊಂದನ್ನು ಸೇರಿಸಿ ಮಾರಿದರೆ ಕ್ರಾಸ್‌ಸೆಲ್. ಆಫೀಸಿನ ಮೀಟಿಂಗಿನಲ್ಲಿ ಎರಡಕ್ಕೂ ಅಪ್‌ಸೆಲ್ ಅಂತಲೇ ಹೇಳಿಬಿಡುತ್ತೇವೆ. ಇದೇನೂ ಇಂಟರ್ನೆಟ್ ಕಂಡುಹಿಡಿದ ವಿದ್ಯೆಯಲ್ಲ. ಅಮ್ಮನ ಜೊತೆ ಸೀರೆ ಅಂಗಡಿಗೆ ಹೋಗಿದ್ದರೆ ನಿಮಗೂ ಗೊತ್ತಿರುತ್ತೆ. ಸಾವಿರದೈನೂರರೊಳಗೆ ಸಾಕು ಅಂತ ಕೂತವರ ಮುಂದೆ ಮೂರು ಸಾವಿರದ ಸೀರೆ ಬಿಚ್ಚಿ ಹಾಸುತ್ತಾರೆ, "ತಗೋಬೇಡಿ ಅಕ್ಕ, ಸುಮ್ನೆ ನೋಡಿ ಅಷ್ಟೇ" ಅಂತ. ಆಮೇಲೆ ಮ್ಯಾಚಿಂಗ್ ಫಾಲ್ಸ್, ಲಂಗ, ಬ್ಲೌಸ್ ಪೀಸ್.

ನಮ್ಮ ಬೀದಿಯ ದಿನಸಿ ಅಂಗಡಿಯವರೂ ಕಡಿಮೆಯಿರಲಿಲ್ಲ. ಕಡಲೆಬೇಳೆ ಕಟ್ಟುತ್ತಾ "ಹಬ್ಬಕ್ಕೆ ಹೋಳಿಗೆನಾ? ಹೊಸ ಬೆಲ್ಲ ಬಂದಿದೆ, ನೋಡಿ" ಅನ್ನೋರು. ಆದರೆ ಅದೇ ಬಾಯಲ್ಲಿ "ಆ ಎಣ್ಣೆ ಬೇಡಿ ಸಾರ್, ಈ ಸಲದ ಲೋಡು ಸರಿ ಇಲ್ಲ" ಅಂತಲೂ ಹೇಳೋರು. ನಾಳೆ ಬೆಳಿಗ್ಗೆ ಅದೇ ಗಿರಾಕಿಯ ಮುಖ ನೋಡಬೇಕಲ್ಲ! ನಾವು ಬರೆಯುವ ಪೇಜಿಗೆ ಆ ಕಷ್ಟ ಇಲ್ಲ. ಅದಕ್ಕೆ ಕಾಣುವುದು ಆವರೇಜ್ ಆರ್ಡರ್ ವ್ಯಾಲ್ಯೂ, ಅಂದರೆ ಒಂದು ಆರ್ಡರಿಗೆ ಸರಾಸರಿ ಎಷ್ಟು ರೂಪಾಯಿ ಬಂತು ಅನ್ನುವ ಲೆಕ್ಕ ಮಾತ್ರ.

ಆ ಲೆಕ್ಕದ ಹಿಂದೆ ನ್ಯಾಯವಾದ ಕಾರಣವೂ ಇದೆ. 300 ರೂಪಾಯಿಯ ಆರ್ಡರ್ ಇರಲಿ, 450ರದ್ದಿರಲಿ, ಡಬ್ಬಿಯ ಖರ್ಚು, ಡೆಲಿವರಿ ಹುಡುಗನ ಖರ್ಚು ಹೆಚ್ಚುಕಡಿಮೆ ಒಂದೇ. ನಿಮ್ಮನ್ನು ಆ್ಯಪ್‌ಗೆ ಕರೆತರಲು ಜಾಹೀರಾತಿಗೆ ಸುರಿದ ದುಡ್ಡೂ ಆಗಲೇ ಹೋಗಿದೆ. ಹಾಗಾಗಿ ನೀವು ಕೊನೆಯಲ್ಲಿ ಸೇರಿಸುವ 150 ರೂಪಾಯಿಯ ಐಟಂನಲ್ಲಿ ಉಳಿಯುವ ಲಾಭ ಮೊದಲ 300ರದ್ದಕ್ಕಿಂತ ಚೆನ್ನಾಗಿರುತ್ತೆ. "ಇನ್ನು 51 ರೂಪಾಯಿ ಸೇರಿಸಿದರೆ ಡೆಲಿವರಿ ಫ್ರೀ" ಅನ್ನುವ ಪಟ್ಟಿ ನೋಡಿರ್ತೀರಲ್ಲ, ಆ ಮಿತಿಯನ್ನು ಸಾಮಾನ್ಯವಾಗಿ ಸರಾಸರಿ ಆರ್ಡರಿಗಿಂತ ತುಸು ಮೇಲೆ ಇಡುತ್ತಾರೆ. ಕೈಗೆ ಸಿಕ್ಕೇಬಿಡ್ತು ಅನ್ನಿಸಬೇಕು, ಆದರೆ ಸಿಕ್ಕಿರಬಾರದು. 40 ರೂಪಾಯಿ ಡೆಲಿವರಿ ಉಳಿಸಲು 99 ರೂಪಾಯಿಯ ಕುಕೀಸ್ ತಗೊಂಡವರ ಪೈಕಿ ನಾನೂ ಒಬ್ಬ. ಮಿತಿ ಎಷ್ಟಿರಬೇಕು ಅಂತ ಚರ್ಚೆಯಾದ ಮೀಟಿಂಗಿನಲ್ಲಿ ಕೂತು ಬಂದ ದಿನವೇ!

ಮೂರು ಪ್ಲಾನ್ ಇಟ್ಟು ನಡುವಿನದಕ್ಕೋ ಕೊನೆಯದಕ್ಕೋ "ಜನಪ್ರಿಯ" ಅಂತ ಬಣ್ಣದ ಚೀಟಿ ಅಂಟಿಸುವುದು ಇನ್ನೊಂದು. ಇದರ ಬಗ್ಗೆ ಡ್ಯಾನ್ ಏರಿಯಲಿ 2008ರ ತಮ್ಮ ಪುಸ್ತಕದಲ್ಲಿ ಒಂದು ಸೊಗಸಾದ ಪ್ರಸಂಗ ಹೇಳುತ್ತಾರೆ. 'ದಿ ಎಕನಾಮಿಸ್ಟ್' ಪತ್ರಿಕೆಯ ಚಂದಾ ಮೂರು ಬಗೆಯಲ್ಲಿತ್ತು: ಆನ್‌ಲೈನ್ ಮಾತ್ರ 59 ಡಾಲರ್, ಮುದ್ರಿತ ಪ್ರತಿ ಮಾತ್ರ 125, ಎರಡೂ ಸೇರಿ ಅದೇ 125. ಎಂಐಟಿಯ 100 ವಿದ್ಯಾರ್ಥಿಗಳಿಗೆ ತೋರಿಸಿದಾಗ 84 ಜನ ಎರಡೂ ಸೇರಿದ್ದನ್ನು, 16 ಜನ ಆನ್‌ಲೈನ್ ಒಂದನ್ನು ಆರಿಸಿದರು. ನಡುವಿನದನ್ನು ಒಬ್ಬರೂ ಮುಟ್ಟಲಿಲ್ಲ. ಯಾರಿಗೂ ಬೇಡದ ಆ ನಡುವಿನದನ್ನು ತೆಗೆದು ಮತ್ತೆ ಕೇಳಿದರೆ? 68 ಜನ ಅಗ್ಗದ ಆನ್‌ಲೈನ್ ಕಡೆ ಹೋದರು, ದುಬಾರಿಯದಕ್ಕೆ ಉಳಿದವರು 32. ಮಾರಲಿಕ್ಕಲ್ಲ, ಪಕ್ಕದ್ದು ಅಗ್ಗ ಅಂತ ಕಾಣಿಸಲಿಕ್ಕೆ ಇಟ್ಟ ಗೊಂಬೆ ಅದು.

ಇಲ್ಲಿಯವರೆಗಿನದು ಜಾಣತನ ಅನ್ನಬಹುದು. ಆಯ್ಕೆ ನಿಮ್ಮ ಕಣ್ಣೆದುರೇ ಇರುತ್ತೆ, ಬೇಡ ಅಂದರೆ ಬೇಡ. ನಾನು ಮಾಡಿದ್ದು ಆ ಗೆರೆಯ ಆಚೆಗಿನದು.

ನಮ್ಮದು ಎಲೆಕ್ಟ್ರಾನಿಕ್ಸ್ ಮಾರುವ ತಾಣ. ಚೆಕ್‌ಔಟ್ ಪುಟದಲ್ಲಿ "ಪ್ರೊಟೆಕ್ಷನ್ ಪ್ಲಾನ್ ಸೇರಿಸಿ" ಅಂತ ಒಂದು ಬಾಕ್ಸ್ ಇತ್ತು, ಖಾಲಿ. ಅದನ್ನು ಒತ್ತುವವರು ನೂರಕ್ಕೆ ಬೆರಳೆಣಿಕೆಯಷ್ಟು. ಒಂದು ಸೋಮವಾರ ಪ್ರಾಡಕ್ಟ್ ಮ್ಯಾನೇಜರ್ "ಡೀಫಾಲ್ಟ್ ಆನ್ ಮಾಡಿ ಒಂದು ಎ/ಬಿ ಟೆಸ್ಟ್ ಹಾಕೋಣ" ಅಂದರು. ಅರ್ಧ ಜನಕ್ಕೆ ಹಳೆಯ ಪೇಜು, ಇನ್ನರ್ಧಕ್ಕೆ ಹೊಸದು. ನಾನು ಬದಲಾಯಿಸಿದ್ದು ಒಂದೇ ಪದ. 'ಫಾಲ್ಸ್' ಅಂತ ಇದ್ದದ್ದನ್ನು 'ಟ್ರೂ' ಮಾಡಿದೆ. (ಸೀರೆಯ ಫಾಲ್ಸ್ ಅಲ್ಲ, ಕೋಡಿನದು.) ಹತ್ತು ನಿಮಿಷದ ಕೆಲಸ, ಅದರಲ್ಲಿ ಎಂಟು ನಿಮಿಷ ಟೀ.

ಎರಡು ವಾರದಲ್ಲಿ ಫಲಿತಾಂಶ ಬಂತು. ಹೊಸ ಪೇಜು ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ಲಾನ್ "ಕೊಂಡಿದ್ದರು". ಟೀಮಿಗೆ ಪಿಜ್ಜಾ ಬಂತು. ನಾನೂ ತಿಂದೆ, ಚೆನ್ನಾಗಿತ್ತು. ಆ ಜನಕ್ಕೆ ಪ್ಲಾನ್ ಇಷ್ಟವಾಗಿತ್ತೋ ಅಥವಾ ಅವರು ನೋಡಿಯೇ ಇರಲಿಲ್ಲವೋ ಅಂತ ಯಾರೂ ಕೇಳಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎರಡಕ್ಕೂ ಒಂದೇ ಹಸಿರು ಗೆರೆ. ತಿಂಗಳಾದ ಮೇಲೆ ಕಸ್ಟಮರ್ ಕೇರ್‌ನ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ಸಿಕ್ಕಾಗ "ನೀವೇನೋ ಮಾಡಿದೀರ ಅಲ್ವಾ ಸಾರ್? ದಿನಾ ಬೈಗುಳ ನಮಗೆ" ಅಂದಳು. ನಕ್ಕು ಸುಮ್ಮನಾದೆ.

ಅದು ತಪ್ಪು ಅಂತ ನಿಯಮ ಆಗಲೇ ಇತ್ತು ಅನ್ನುವುದು ಆಮೇಲೆ ತಿಳಿಯಿತು. ಗ್ರಾಹಕರ ಒಪ್ಪಿಗೆ ಸ್ಪಷ್ಟವಾಗಿ ಅವರಿಂದಲೇ ಬರಬೇಕು, ಮೊದಲೇ ಟಿಕ್ ಹಾಕಿದ ಬಾಕ್ಸ್ ಒಪ್ಪಿಗೆಯಾಗುವುದಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇನ್ನೂ ಮುಂದೆ ಹೋಗಿ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ಡಿಸೈನರ್ 2010ರಲ್ಲಿ ಕೊಟ್ಟ ಹೆಸರು ಅದು. ಅಪ್ಪನಿಗೆ ಆದದ್ದಕ್ಕೆ ಆ ಪಟ್ಟಿಯಲ್ಲಿ 'ಬಾಸ್ಕೆಟ್ ಸ್ನೀಕಿಂಗ್' ಅಂತ ಹೆಸರಿದೆ. ಕೇಳದೆ ಬುಟ್ಟಿಗೆ ಸೇರಿಸುವುದು. ದೇಣಿಗೆಯೂ ಇದರಲ್ಲಿ ಬರುತ್ತೆ. ವಿಮೆ ಬೇಡ ಅಂದವರಿಗೆ "ನಾನು ಸುರಕ್ಷತೆ ಇಲ್ಲದೆಯೇ ಇರುತ್ತೇನೆ" ಅನ್ನುವ ಬಟನ್ ಒತ್ತಿಸುವುದು 'ಕನ್ಫರ್ಮ್ ಶೇಮಿಂಗ್'. ಬೇಡ ಅನ್ನಲು ನಾಚಿಕೆಯಾಗಬೇಕು, ಹಾಗೆ ಬರೆದಿರುತ್ತಾರೆ. ಮೊದಲು ಕಡಿಮೆ ದರ ತೋರಿಸಿ ಕೊನೆಯಲ್ಲಿ ಒಂದೊಂದೇ ಶುಲ್ಕ ಸೇರಿಸುತ್ತಾ ಹೋಗುವುದಕ್ಕೆ 'ಡ್ರಿಪ್ ಪ್ರೈಸಿಂಗ್' ಅನ್ನುತ್ತಾರೆ.

ಇದು ಚಿಲ್ಲರೆ ವಿಷಯ ಅನ್ನುವವರಿಗೆ ಒಂದು ಉದಾಹರಣೆ. ಜನರನ್ನು ಒಪ್ಪಿಗೆಯಿಲ್ಲದೆ ಪ್ರೈಮ್ ಚಂದಾಕ್ಕೆ ಸೇರಿಸಿ, ಬಿಡುವುದನ್ನು ಕಷ್ಟ ಮಾಡಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಮೆಜಾನ್ ಮೇಲೆ ಕೇಸು ಹಾಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು ರಾಜಿಯಾದದ್ದು 250 ಕೋಟಿ ಡಾಲರಿಗೆ.

ಅಪ್ಪನಿಗೆ 250 ಕೋಟಿ ಬೇಕಿರಲಿಲ್ಲ, 39 ರೂಪಾಯಿ ಬೇಕಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅಂದೆ. ಕನ್ನಡದಲ್ಲೇ ಮಾತಾಡಬಹುದು. "ಇಷ್ಟಕ್ಕೆಲ್ಲ ಯಾಕ್ರೀ" ಅಂತ ಅಮ್ಮ ಗೊಣಗಿದರು. ಅಪ್ಪ ಕನ್ನಡಕ ಹಾಕಿಕೊಂಡು, ಟಿಕೆಟ್ ನಂಬರು, ತಾರೀಕು, ಎರಡೂ ಮೊತ್ತ ಓದಿ ಹೇಳಿ, ದೂರಿನ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡರು. ಮೂರು ವಾರಕ್ಕೆ 39 ರೂಪಾಯಿ ವಾಪಸ್ ಬಂತು. ಹಳೆಯ ಏಳು ಟಿಕೆಟ್‌ಗಳದ್ದು ಬರಲಿಲ್ಲ, ಪ್ರಯಾಣ ಮುಗಿದುಹೋಗಿದೆ ಅಂತ ಉತ್ತರ. ಅದನ್ನು ಅಪ್ಪ ಇನ್ನೂ ಬಿಟ್ಟಿಲ್ಲ.

ಈಗ ಅವರು ಪೇ ಬಟನ್ ಒತ್ತುವ ಮುಂಚೆ ಒಟ್ಟು ಮೊತ್ತದ ಪಕ್ಕದ ಪುಟ್ಟ ಬಾಣದ ಗುರುತನ್ನು ಒತ್ತಿ ವಿವರ ನೋಡುತ್ತಾರೆ. ನಾನು ಕಲಿಸಿಕೊಟ್ಟದ್ದು ಅದೊಂದೇ. ನಿಮ್ಮ ಮನೆಯ ಹಿರಿಯರಿಗೂ ಒಮ್ಮೆ ತೋರಿಸಿಕೊಡಿ, ಎರಡು ನಿಮಿಷದ ಕೆಲಸ. 'ಸ್ಕಿಪ್' ಅನ್ನುವುದು ಯಾವಾಗಲೂ ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ, ಮೂಲೆಯಲ್ಲಿರುತ್ತೆ ಅಂತಲೂ ಹೇಳಿ. ಅದನ್ನು ಅಲ್ಲಿ ಇಡುವವರು ನಾವೇ, ನಮಗೆ ಗೊತ್ತು.

ಹೋದ ತಿಂಗಳು ಈಗಿನ ಆಫೀಸಿನಲ್ಲೂ ಅದೇ ಮಾತು ಬಂತು, ಈ ಸಲ ಎಕ್ಸ್‌ಟೆಂಡೆಡ್ ವಾರಂಟಿಗೆ. ಟಿಕೆಟ್‌ನ ಕೆಳಗೆ 2020ರ ನಿಯಮದ ಸಾಲು ಅಂಟಿಸಿ, ಲೀಗಲ್ ಟೀಮನ್ನು ಟ್ಯಾಗ್ ಮಾಡಿದೆ. ದೊಡ್ಡ ಧೈರ್ಯವೇನಲ್ಲ, ಕೆಲಸ ಹೋಗುವ ಭಯ ಇರಲಿಲ್ಲ. ಮ್ಯಾನೇಜರಿಗೆ ಸ್ವಲ್ಪ ಬೇಜಾರಾಯ್ತು. ಬಾಕ್ಸ್ ಖಾಲಿಯಾಗಿಯೇ ಬಿಡುಗಡೆಯಾಯ್ತು, ಆ ಸಂಖ್ಯೆ ಇವತ್ತಿಗೂ ಟಾರ್ಗೆಟ್‌ಗಿಂತ ಕೆಳಗೇ ಇದೆ. ನನ್ನ ಅಪ್ರೈಸಲ್ ಬರುವ ತಿಂಗಳು.

ಅಪ್ಪನಿಗೆ ಹಳೆಯ ಪಿಜ್ಜಾ ಕಥೆ ಇನ್ನೂ ಹೇಳಿಲ್ಲ. ಅಮ್ಮ ಈ ಪತ್ರಿಕೆಯನ್ನು ಫೋನಿನಲ್ಲಿ ತಪ್ಪದೆ ಓದುತ್ತಾರೆ. ಭಾನುವಾರ ಫೋನ್ ಬರಬಹುದು.